ಆ ಗೋಡೆಯ ಕಲ್ಲು ನಮ್ಮ ಕಡೆಯದು

(1/10)

ನಿಮ್ಮನೆ ಅಡುಗೆಮನೆ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸಿದ್ದಾರಾ? ಹಾಗಿದ್ರೆ ಫೋನ್ ಒಂದು ನಿಮಿಷ ಪಕ್ಕಕ್ಕಿಟ್ಟು ಎದ್ದು ಹೋಗಿ. ಕಟ್ಟೆಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಗ್ಗಿ ನೋಡಿ. ನಿಮ್ಮ ಮುಖ ಕಾಣುತ್ತೆ. ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಅಲ್ಲ, ಬಾವಿಗೆ ಇಣುಕಿದಾಗ ಕಾಣುತ್ತಲ್ಲ, ಹಾಗೆ.

ನೋಡ್ಕೊಂಡು ಬಂದ್ರಾ? ಈಗ ಕೇಳಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಹೀಗೇ ಕಪ್ಪಗೆ ಹೊಳೆಯೋ ಒಂದು ಗೋಡೆ ಇದೆ. ಅದರ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಎಲ್ಲವೂ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಥವಾ ಕಾಣೆಯಾದ ಅಮೆರಿಕನ್ನರದು. ವರ್ಷಕ್ಕೆ ಸುಮಾರು 50 ಲಕ್ಷ ಜನ ಅಲ್ಲಿಗೆ ಬರ್ತಾರೆ. ಬಂದವರು ಒಂದು ಹೆಸರು ಹುಡುಕ್ತಾರೆ, ಸಿಕ್ಕ ಮೇಲೆ ಬೆರಳಿಟ್ಟು ಮುಟ್ತಾರೆ. ಆಗ ಆ ಹೆಸರಿನ ಹಿಂದೆ, ಕಲ್ಲಿನೊಳಗೆ, ತಮ್ಮದೇ ಮುಖ ಕಾಣಿಸುತ್ತೆ.

ಆ ಕಲ್ಲು ಹೋಗಿದ್ದು ಬೆಂಗಳೂರು ಕಡೆಯಿಂದ.

ನನಗೂ ಗೊತ್ತಿರಲಿಲ್ಲ. ಹೋದ ಸೆಮಿಸ್ಟರ್‌ನಲ್ಲಿ ಶೀತಲ ಸಮರದ ಪಾಠಕ್ಕೆ ನೋಟ್ಸ್ ಮಾಡ್ತಾ ಕೂತಿದ್ದೆ. ಇಸವಿಗಳು, ಒಪ್ಪಂದಗಳು, ಅಧ್ಯಕ್ಷರ ಹೆಸರುಗಳು. ಅದರ ಮಧ್ಯೆ ಆ ಗೋಡೆಯ ಬಗ್ಗೆ ಓದ್ತಾ ಹೋದಾಗ "ಬ್ಯಾಂಗಲೋರ್, ಇಂಡಿಯಾ" ಅಂತ ಕಂಡಿತು. ಎರಡು ಸಲ ಓದಿದೆ. ನಮ್ಮ ಮಾವ ಜಿಗಣಿ ಕಡೆ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗ್ತಾರೆ. ಅವತ್ತೇ ರಾತ್ರಿ ಅವರಿಗೆ ಫೋನ್ ಮಾಡಿ ಹೇಳಿದೆ. ಅವರು ಏನಂದ್ರು ಅನ್ನೋದನ್ನ ಒಂಬತ್ತನೇ ಭಾಗದಲ್ಲಿ ಹೇಳ್ತೀನಿ.

ಈ ಸಲದ "ಕಲ್ಲಿನ ಕಥೆ" ಸರಣಿ ಆ ಗೋಡೆ ಬಗ್ಗೆ. ಅದನ್ನ ಕಲ್ಪಿಸಿದಾಗ ನಮ್ಮ ನಿಮ್ಮ ವಯಸ್ಸೇ ಆಗಿದ್ದ ಒಬ್ಬ ಹುಡುಗಿಯ ಬಗ್ಗೆ. ಹೆಸರು ಮಾಯಾ ಲಿನ್.

(2/10)

ಮೊದಲು ಯುದ್ಧದ ವಿಷಯ. ಪರೀಕ್ಷೆಗೆ ಓದಿದ್ದು ನೆನಪಿದ್ಯಾ? ಅಮೆರಿಕದ ಯುದ್ಧಪಡೆಗಳು ದೊಡ್ಡ ಸಂಖ್ಯೆಯಲ್ಲಿ ವಿಯೆಟ್ನಾಂಗೆ ಇಳಿದದ್ದು 1965ರಲ್ಲಿ. 1973ರಲ್ಲಿ ಪ್ಯಾರಿಸ್ ಒಪ್ಪಂದ ಆಯ್ತು, ಅಮೆರಿಕ ವಾಪಸ್ ಬಂತು. 1975ರ ಏಪ್ರಿಲ್ 30ಕ್ಕೆ ಸೈಗಾನ್ ಉತ್ತರ ವಿಯೆಟ್ನಾಂ ಕೈಸೇರಿತು. ಕಥೆ ಮುಗೀತು ಅಂತ ಪಠ್ಯಪುಸ್ತಕ ಮುಂದಿನ ಅಧ್ಯಾಯಕ್ಕೆ ಹೋಗುತ್ತೆ.

ಆದ್ರೆ ಹೋಗಿದ್ದ ಹುಡುಗರು ಊರಿಗೆ ವಾಪಸ್ ಬರಬೇಕಲ್ಲ? ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಎಷ್ಟೋ ಜನ ಇಷ್ಟಪಟ್ಟು ಹೋದವರಲ್ಲ, ಸರ್ಕಾರ ಕಡ್ಡಾಯವಾಗಿ ಸೇರಿಸಿಕೊಂಡಿತ್ತು. ಅವರು ಹೋದಾಗ ಇದ್ದ ದೇಶವೇ ಬೇರೆ, ಬಂದಾಗ ಇದ್ದ ದೇಶವೇ ಬೇರೆ. ಅರ್ಧ ಜನ ಯುದ್ಧವೇ ತಪ್ಪು ಅಂತ ಬೀದಿಗಿಳಿದಿದ್ರು. ಇನ್ನರ್ಧ ಜನಕ್ಕೆ ಸೋತ ಯುದ್ಧದ ಮಾತೇ ಬೇಡವಾಗಿತ್ತು. ಎರಡನೇ ಮಹಾಯುದ್ಧದಿಂದ ಬಂದವರಿಗೆ ಸಿಕ್ಕ ಮೆರವಣಿಗೆ ಇವರಿಗೆ ಸಿಗಲಿಲ್ಲ. ಸತ್ತವರ ಬಗ್ಗೆ ಮನೆಯವರು ಬಿಟ್ರೆ ಬೇರೆ ಯಾರೂ ಬಾಯಿ ಬಿಡ್ತಿರಲಿಲ್ಲ.

ಜಾನ್ ಸ್ಕ್ರಗ್ಸ್ ಅಂತ ಒಬ್ಬ ಮಾಜಿ ಸೈನಿಕ. 1969ರಲ್ಲಿ ವಿಯೆಟ್ನಾಂನಲ್ಲಿ ಗಾಯಗೊಂಡಿದ್ದವನು. 1979ರ ಮಾರ್ಚ್‌ನಲ್ಲಿ "ದಿ ಡೀರ್ ಹಂಟರ್" ಸಿನಿಮಾ ನೋಡಿ ಬಂದ, ರಾತ್ರಿ ನಿದ್ದೆ ಹತ್ತಲಿಲ್ಲ. ಸತ್ತವರೆಲ್ಲರ ಹೆಸರಿರೋ ಒಂದು ಸ್ಮಾರಕ ಬೇಕು ಅಂತ ನಿರ್ಧಾರ ಮಾಡಿದ. ತನ್ನದೇ 2,800 ಡಾಲರ್ ಹಾಕಿ ಕೆಲಸ ಶುರು ಮಾಡಿದ. ಆ ವರ್ಷದ ಜುಲೈ 4ರ ಹೊತ್ತಿಗೆ ಚಂದಾ ಬಂದಿದ್ದು ಎಷ್ಟು ಗೊತ್ತಾ? 144 ಡಾಲರ್ 50 ಸೆಂಟ್. ಟೀವಿಯಲ್ಲಿ ಅದನ್ನ ಹೇಳಿ ನಕ್ಕರು.

ಆದ್ರೆ ಮನುಷ್ಯ ಬಿಡಲಿಲ್ಲ. ಕೊನೆಗೆ ಎರಡು ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನ ಕೊಟ್ಟ ದುಡ್ಡು ಸೇರಿ 84 ಲಕ್ಷ ಡಾಲರ್ ಆಯ್ತು. ಗೋಡೆ ಕಟ್ಟಿದ್ದು ಈ ಚಂದಾ ಹಣದಲ್ಲೇ. 1980ರ ಜುಲೈನಲ್ಲಿ ಸಂಸತ್ತು ಲಿಂಕನ್ ಸ್ಮಾರಕದ ಪಕ್ಕದಲ್ಲೇ ಜಾಗ ಕೊಟ್ಟಿತು.

(3/10)

ಇನ್ನು ಹುಡುಗಿಯ ಕಡೆ ಬರೋಣ.

ಮಾಯಾ ಲಿನ್ ಹುಟ್ಟಿದ್ದು 1959ರಲ್ಲಿ, ಒಹಾಯೊ ರಾಜ್ಯದ ಅಥೆನ್ಸ್ ಅನ್ನೋ ಊರಲ್ಲಿ. ಅಪ್ಪ ಅಮ್ಮ ಇಬ್ಬರೂ ಚೀನಾದಿಂದ ಬಂದವರು. ಅಪ್ಪ ಸೆರಾಮಿಕ್ ಕಲಾವಿದ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಗಳ ವಿಭಾಗದ ಡೀನ್. ಅಮ್ಮ ಕವಿ, ಸಾಹಿತ್ಯದ ಪ್ರಾಧ್ಯಾಪಕಿ. ಮನೆ ತುಂಬ ಮಣ್ಣು, ಪುಸ್ತಕ.

ಅವಳು ಯೇಲ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದ್ತಿದ್ದಳು. ಕೊನೇ ವರ್ಷ ಒಂದು ಸೆಮಿನಾರ್ ಇತ್ತು: ಸಾವಿಗೆ ಸಂಬಂಧಪಟ್ಟ ಕಟ್ಟಡಗಳು, ಅಂದ್ರೆ ಸಮಾಧಿ, ಸ್ಮಾರಕ ಇಂಥವು. ಅಷ್ಟರಲ್ಲಿ ವಿಯೆಟ್ನಾಂ ಸ್ಮಾರಕಕ್ಕೆ ಸ್ಪರ್ಧೆ ಕರೆದಿದ್ದಾರೆ ಅನ್ನೋ ಸುದ್ದಿ ಬಂತು. ಕ್ಲಾಸಿನವರು ಅದನ್ನೇ ಅಸೈನ್‌ಮೆಂಟ್ ಮಾಡ್ಕೊಂಡ್ರು.

1980ರ ನವೆಂಬರ್ ರಜೆಯಲ್ಲಿ ಅವಳು ಜಾಗ ನೋಡೋಕೆ ಹೋದಳು. ಹುಲ್ಲುಹಾಸು, ಮರಗಳು, ದೂರದಲ್ಲಿ ಎರಡು ಬಿಳಿ ಸ್ಮಾರಕಗಳು. ಒಂದು ಕಡೆ ವಾಷಿಂಗ್ಟನ್‌ದು, ಇನ್ನೊಂದು ಕಡೆ ಲಿಂಕನ್‌ದು. ಅಲ್ಲಿ ನಿಂತಾಗ ಒಂದು ಚಾಕು ತಗೊಂಡು ನೆಲವನ್ನ ಸೀಳಬೇಕು ಅನ್ನಿಸಿತಂತೆ. ಗಾಯ ಆಗುತ್ತೆ, ಕಾಲ ಕಳೆದಂತೆ ಮೇಲೆ ಹುಲ್ಲು ಬೆಳೆಯುತ್ತೆ, ಆದ್ರೆ ಸೀಳಿದ ಅಂಚು ಹಾಗೇ ಉಳಿಯುತ್ತೆ. ಮೊದಲ ಮಾದರಿಯನ್ನ ಅವಳು ಕಾಲೇಜಿನ ಊಟದ ಹಾಲ್‌ನಲ್ಲಿ, ತಟ್ಟೆಯಲ್ಲಿದ್ದ ಆಲೂಗಡ್ಡೆ ಪಲ್ಯದ ಥರದ ಪದಾರ್ಥದಲ್ಲಿ ಮಾಡಿ ನೋಡಿದ್ದಳು!

ಹೆಸರುಗಳ ಯೋಚನೆ ಬಂದದ್ದು ಯೇಲ್‌ನಿಂದಲೇ. ಅಲ್ಲಿನ ಒಂದು ಕಟ್ಟಡದ ಗೋಡೆಗಳ ಮೇಲೆ ಯುದ್ಧಗಳಲ್ಲಿ ಸತ್ತ ಹಳೇ ವಿದ್ಯಾರ್ಥಿಗಳ ಹೆಸರು ಕೆತ್ತಿದ್ದಾರೆ. ದಿನಾ ಓಡಾಡುವಾಗ ಅವನ್ನ ಮುಟ್ಟದೆ ಹೋಗೋಕೆ ಆಗ್ತಿರಲಿಲ್ಲ ಅಂತ ಅವಳು ಮುಂದೆ ನೆನಪಿಸಿಕೊಂಡಿದ್ದಾಳೆ. ಇನ್ನೊಂದು ಪ್ರೇರಣೆ ಫ್ರಾನ್ಸಿನ ಥಿಯೆಪ್ವಾಲ್ ಸ್ಮಾರಕ. ಮೊದಲನೇ ಮಹಾಯುದ್ಧದಲ್ಲಿ ದೇಹವೂ ಸಿಗದೆ ಹೋದ 72 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಅಲ್ಲಿದೆ. ಅದನ್ನ ವಿನ್ಯಾಸ ಮಾಡಿದ್ದು ಲುಟಿಯನ್ಸ್. ಎಲ್ಲೋ ಕೇಳಿದ ಹೆಸರು ಅಲ್ವಾ? ದೆಹಲಿಯ ಇಂಡಿಯಾ ಗೇಟ್ ಕೂಡ ಅವರದ್ದೇ. ಅದರ ಮೇಲೂ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಪ್ರವಾಸ ಹೋದಾಗ ನಾವು ಸೆಲ್ಫಿ ತಗೊಂಡು ಬಂದ್ವಿ, ಒಂದು ಹೆಸರನ್ನೂ ಓದಲಿಲ್ಲ.

(4/10)

ಸ್ಪರ್ಧೆಯ ನಿಯಮ ನಾಲ್ಕೇ. ಸತ್ತವರ, ಕಾಣೆಯಾದವರ ಎಲ್ಲ ಹೆಸರೂ ಇರಬೇಕು. ಸುತ್ತಲಿನ ಜಾಗಕ್ಕೆ ಹೊಂದಬೇಕು. ನೋಡಿದವರು ನಿಂತು ಯೋಚಿಸುವಂತಿರಬೇಕು. ಯುದ್ಧ ಸರಿಯೋ ತಪ್ಪೋ ಅಂತ ಏನೂ ಹೇಳಬಾರದು.

ಈ ಕೊನೇ ನಿಯಮದ ಬಗ್ಗೆ ಒಂದು ಕ್ಷಣ ಯೋಚಿಸಿ. ನಮ್ಮೂರಿನ ಸರ್ಕಲ್‌ಗಳಲ್ಲಿ ಇರೋ ಪ್ರತಿಮೆಗಳನ್ನೇ ನೆನಪು ಮಾಡ್ಕೊಳ್ಳಿ. ಎತ್ತಿದ ಕತ್ತಿ, ನೆಗೆದ ಕುದುರೆ, ತೋರಿಸೋ ಬೆರಳು. ಪ್ರತಿಯೊಂದೂ ಏನೋ ಹೇಳುತ್ತೆ: ಇವರು ದೊಡ್ಡವರು, ಇವರು ಗೆದ್ದರು, ಇವರ ದಾರಿಯಲ್ಲಿ ನಡಿ. ಏನೂ ಹೇಳದೆ ನೆನಪಿಡೋದು ಹೇಗೆ?

1,421 ಜನ ಉತ್ತರ ಕಳಿಸಿದ್ರು. ಎಲ್ಲಾ ಹಾಳೆಗಳನ್ನ ಹರಡೋಕೆ ಜಾಗ ಸಾಲದೆ ವಾಯುಪಡೆಯ ವಿಮಾನ ನಿಲ್ಲಿಸೋ ಹ್ಯಾಂಗರ್‌ನಲ್ಲಿ ನೇತುಹಾಕಿದ್ರು. ಯಾರ ಹೆಸರೂ ಇರಲಿಲ್ಲ, ಬರೀ ನಂಬರ್. ಎಂಟು ಜನ ತೀರ್ಪುಗಾರರು ದಿನಗಟ್ಟಲೆ ಸುತ್ತಾಡಿ ಒಮ್ಮತದಿಂದ ಆರಿಸಿದ್ದು ನಂಬರ್ 1026.

1981ರ ಮೇ ತಿಂಗಳು. ಲಕೋಟೆ ಬಿಚ್ಚಿ ನೋಡಿದ್ರೆ 21 ವರ್ಷದ ವಿದ್ಯಾರ್ಥಿನಿ! ಇನ್ನೂ ಡಿಗ್ರಿ ಮುಗಿದಿಲ್ಲ. ಒಂದು ಕಟ್ಟಡವನ್ನೂ ಕಟ್ಟಿದ ಅನುಭವ ಇಲ್ಲ. ಕಳಿಸಿದ್ದ ಚಿತ್ರಗಳೋ ಬಣ್ಣದ ಸೀಮೆಸುಣ್ಣದಂಥ ಪ್ಯಾಸ್ಟೆಲ್‌ನಲ್ಲಿ ಬಿಡಿಸಿದ ಒಂದಿಷ್ಟು ಹಸಿರು, ಒಂದಿಷ್ಟು ನೀಲಿ, ಮಧ್ಯೆ ಒಂದು ಕಪ್ಪು ಮೂಲೆ. ಜೊತೆಗೆ ಕೈಬರಹದಲ್ಲಿ ಒಂದು ಪುಟದ ವಿವರಣೆ.

ಇದೇ ಅಸೈನ್‌ಮೆಂಟಿಗೆ ಕ್ಲಾಸಿನಲ್ಲಿ ಅವಳಿಗೆ ಸಿಕ್ಕಿದ್ದು ಬಿ ಗ್ರೇಡ್. ಇಂಟರ್ನಲ್ಸ್ ಮಾರ್ಕ್ಸ್ ನೋಡಿ ಅಳ್ತಾ ಕೂತಿರೋ ನಮ್ಮ ಹಿಂದಿನ ಬೆಂಚಿನವರಿಗೆ ಈ ಸಾಲು ಅರ್ಪಣೆ.

(5/10)

ಈಗ ನನ್ನ ಜೊತೆ ನಡೀರಿ. ನಾನೂ ಅಲ್ಲಿಗೆ ಹೋದವಳಲ್ಲ. ಆದ್ರೆ ನಕ್ಷೆ, ಫೋಟೊ, ವಿಡಿಯೊ ನೋಡಿ ನೋಡಿ ದಾರಿ ಬಾಯಿಪಾಠ ಆಗಿದೆ.

ದೂರದಿಂದ ಏನೂ ಕಾಣಲ್ಲ. ಹುಲ್ಲುಹಾಸಿನ ಮಧ್ಯೆ ಒಂದು ಕಾಲುದಾರಿ. ಶುರುವಿನಲ್ಲಿ ಪಕ್ಕದ ಗೋಡೆ ಬರೀ ಪಾದದೆತ್ತರ, 20 ಸೆಂಟಿಮೀಟರ್. ನಡೀತಾ ಹೋದಂತೆ ದಾರಿ ಇಳಿಯುತ್ತೆ, ಗೋಡೆ ಏರುತ್ತೆ. ಮೊಣಕಾಲು, ಸೊಂಟ, ಭುಜ, ತಲೆ. ಮೆಟ್ಟಿಲೇ ಇಲ್ಲ, ಹಾಗಾಗಿ ಯಾವಾಗ ಇಳಿದ್ವಿ ಅಂತಲೇ ಗೊತ್ತಾಗಲ್ಲ. ಮಧ್ಯಕ್ಕೆ ಬಂದಾಗ ಗೋಡೆ 3 ಮೀಟರ್ ಎತ್ತರ. ರಸ್ತೆಯ ಸದ್ದು ಕಡಿಮೆ. ಎದುರಿಗೆ ಬರೀ ಹೆಸರು.

ಗೋಡೆಗೆ ಎರಡು ತೋಳು, ಒಂದೊಂದೂ 75 ಮೀಟರ್. ಮಧ್ಯದ ಮೂಲೆಯಲ್ಲಿ ಸೇರುತ್ವೆ. ಒಂದು ತೋಳು ವಾಷಿಂಗ್ಟನ್ ಸ್ಮಾರಕದ ಕಡೆ ತೋರಿಸುತ್ತೆ, ಇನ್ನೊಂದು ಲಿಂಕನ್ ಸ್ಮಾರಕದ ಕಡೆ.

ಹೆಸರುಗಳ ಜೋಡಣೆ ಇನ್ನೂ ಸೊಗಸು. ಅಕಾರಾದಿಯಲ್ಲಿ ಇಲ್ಲ, ಪದವಿಯ ಪ್ರಕಾರವೂ ಇಲ್ಲ. ಸತ್ತ ದಿನದ ಪ್ರಕಾರ ಇದೆ. ಮೊದಲ ಹೆಸರುಗಳು, 1959ರವು, ಮಧ್ಯದ ಮೂಲೆಯಲ್ಲಿ ಶುರುವಾಗಿ ಬಲಗಡೆ ತೋಳಿನ ತುದಿಗೆ ಹೋಗುತ್ವೆ, ಅಲ್ಲಿ ನೆಲದೊಳಗೆ ಮುಳುಗಿದಂತೆ ನಿಲ್ಲುತ್ವೆ. ಮತ್ತೆ ಎಡಗಡೆ ತೋಳಿನ ತುದಿಯಿಂದ ಮೇಲೆದ್ದು ಬಂದು 1975ಕ್ಕೆ ಅದೇ ಮಧ್ಯದ ಮೂಲೆಯಲ್ಲಿ ಮುಗಿಯುತ್ವೆ. ಮೊದಲು ಸತ್ತವರು, ಕೊನೆಗೆ ಸತ್ತವರು ಅಕ್ಕಪಕ್ಕ.

ಹುಡುಕೋಕೆ ಕಷ್ಟ ಆಗುತ್ತೆ, ಅಕಾರಾದಿಯಲ್ಲೇ ಹಾಕಿ ಅಂತ ಕೆಲವರು ಹಠ ಹಿಡಿದ್ರು. ಪಟ್ಟಿ ತೆಗೆದು ನೋಡಿದ್ರೆ ಸ್ಮಿತ್ ಅನ್ನೋರೇ 600ಕ್ಕೂ ಹೆಚ್ಚು. ಜೇಮ್ಸ್ ಜೋನ್ಸ್ ಅನ್ನೋ ಹೆಸರಿನವರು 16 ಜನ. ಅಕಾರಾದಿಯಲ್ಲಿ ಹಾಕಿದ್ರೆ ಅದು ಟೆಲಿಫೋನ್ ಡೈರೆಕ್ಟರಿ ಆಗ್ತಿತ್ತು. ದಿನದ ಪ್ರಕಾರ ಇದ್ದಿದ್ರಿಂದ ಒಂದೇ ಕಾಳಗದಲ್ಲಿ ಜೊತೆಗೆ ಬಿದ್ದವರು ಕಲ್ಲಿನ ಮೇಲೂ ಜೊತೆಗಿದ್ದಾರೆ. ಬದುಕಿ ಬಂದ ಸೈನಿಕನಿಗೆ ತನ್ನ ಆ ಒಂದು ದಿನ ಇಡೀ ಅಲ್ಲೇ ಸಿಗುತ್ತೆ.

ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ಗುರುತಿದೆ. ವಜ್ರಾಕಾರ ಅಂದ್ರೆ ಸಾವು ಖಚಿತ. ಶಿಲುಬೆಯಂಥ ಅಧಿಕ ಚಿಹ್ನೆ ಅಂದ್ರೆ ಕಾಣೆಯಾದವರು. ಎಷ್ಟೋ ವರ್ಷಗಳ ಮೇಲೆ ಯಾರದಾದ್ರೂ ಮೂಳೆ ಸಿಕ್ಕಿ ಗುರುತಾದ್ರೆ, ಆ ಚಿಹ್ನೆಯ ಮೇಲೆ ವಜ್ರ ಕೆತ್ತುತ್ತಾರೆ.

(6/10)

ಕಲ್ಲಿನ ವಿಷಯ. ಕಾಯ್ತಾ ಇದ್ರಿ ಅಂತ ಗೊತ್ತು.

ಸುತ್ತ ಎಲ್ಲವೂ ಬಿಳಿ ಅಮೃತಶಿಲೆಯ ಸ್ಮಾರಕಗಳು. ಮಾಯಾಗೆ ಮಾತ್ರ ಕಪ್ಪು ಬೇಕಿತ್ತು. ಕಾರಣ ಸರಳ. ಬಿಳಿ ಕಲ್ಲು ಬಿಸಿಲಿಗೆ ಕಣ್ಣು ಕುಕ್ಕುತ್ತೆ, ಅದರ ಮೇಲಿನ ಸಣ್ಣ ಅಕ್ಷರ ಓದೋಕಾಗಲ್ಲ. ಕಪ್ಪು ಕಲ್ಲನ್ನ ಪಾಲಿಶ್ ಮಾಡಿದ್ರೆ ಕನ್ನಡಿ ಆಗುತ್ತೆ. ನೋಡೋರು, ಆಕಾಶ, ಮರ, ಎದುರಿನ ಸ್ಮಾರಕ, ಎಲ್ಲಾ ಅದರೊಳಗೆ ಬರುತ್ತೆ. ಹೆಸರುಗಳಿರೋ ಲೋಕಕ್ಕೂ ನಾವಿರೋ ಲೋಕಕ್ಕೂ ನಡುವೆ ಒಂದು ತೆಳು ಪರದೆ ಇದ್ದಂತೆ.

ಅಷ್ಟು ದೊಡ್ಡ, ಒಂದೇ ಬಣ್ಣದ, ಗೆರೆ ಚುಕ್ಕೆ ಇಲ್ಲದ ಕಪ್ಪು ಕಲ್ಲು ಸಿಗೋ ದೇಶಗಳು ಕೆಲವೇ. ಸ್ವೀಡನ್, ಕೆನಡಾ ಹೆಸರು ಬಂತು. ಮಾಜಿ ಸೈನಿಕರ ಕಡೆಯಿಂದ ಬೇಡ ಅನ್ನೋ ಮಾತು ಬಂತು. ಯಾಕಂದ್ರೆ ಯುದ್ಧದ ಕಾಲದಲ್ಲಿ ಕಡ್ಡಾಯ ಸೇನಾ ಸೇರ್ಪಡೆ ತಪ್ಪಿಸಿಕೊಂಡು ಓಡಿಹೋದ ಅಮೆರಿಕನ್ನರಿಗೆ ಆಶ್ರಯ ಕೊಟ್ಟ ದೇಶಗಳು ಅವು. ಹಾಗಾಗಿ ಬೆಂಗಳೂರು!

ಇಲ್ಲಿಂದ ಕಲ್ಲಿನ ಬ್ಲಾಕುಗಳು ಹಡಗಿನಲ್ಲಿ ಹೋದ್ವು. ವರ್ಮಾಂಟ್ ರಾಜ್ಯದ ಬ್ಯಾರಿ ಅನ್ನೋ ಕಲ್ಲುಕೆಲಸದ ಊರಲ್ಲಿ ಕತ್ತರಿಸಿ ಪಾಲಿಶ್ ಮಾಡಿದ್ರು. ಆಮೇಲೆ ಟೆನೆಸಿಯ ಮೆಂಫಿಸ್‌ಗೆ ಒಯ್ದು ಹೆಸರು ಹಾಕಿದ್ರು. ಉಳಿ ಸುತ್ತಿಗೆಯಲ್ಲಿ ಕೂತಿದ್ರೆ ವರ್ಷಗಟ್ಟಲೆ ಬೇಕಾಗ್ತಿತ್ತು. ಫೋಟೊ ತಂತ್ರದಿಂದ ಕಲ್ಲಿನ ಮೇಲೆ ಸ್ಟೆನ್ಸಿಲ್ ಮೂಡಿಸಿ, ರಭಸವಾಗಿ ಸಣ್ಣ ಕಣಗಳನ್ನ ಸಿಡಿಸಿ ಅಕ್ಷರ ಕೊರೆದ್ರು. ಒಂದೊಂದು ಅಕ್ಷರದ ಎತ್ತರ ಒಂದೂಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಓದಬೇಕಂದ್ರೆ ಹತ್ತಿರ ಹೋಗಲೇಬೇಕು. ಪುಸ್ತಕ ಓದೋ ಹಾಗೆ.

ಭೂವಿಜ್ಞಾನ ಓದೋ ಗೆಳೆಯರು ಬೈಯೋ ಮೊದಲೇ ಹೇಳಿಬಿಡ್ತೀನಿ. ವ್ಯಾಪಾರದಲ್ಲಿ "ಕಪ್ಪು ಗ್ರಾನೈಟ್" ಅನ್ನೋದು ನಿಜವಾಗಿ ಗ್ರಾನೈಟ್ ಅಲ್ಲ. ನಮ್ಮ ಕಡೆಯ ಕರಿಕಲ್ಲು ಹೆಚ್ಚಾಗಿ ಡಾಲರೈಟ್. 200 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿನ ನೆಲ ಬಿರುಕು ಬಿಟ್ಟು, ಆ ಬಿರುಕಿಗೆ ಕೆಳಗಿನಿಂದ ಕರಗಿದ ಶಿಲೆ ನುಗ್ಗಿ, ಅಲ್ಲೇ ತಣಿದು ಗಟ್ಟಿಯಾದದ್ದು. ಅಂದ್ರೆ ಭೂಮಿಯ ಹಳೇ ಗಾಯ ತುಂಬಿಕೊಂಡ ಕಲ್ಲು. ನೆಲವನ್ನ ಸೀಳಿ ಸ್ಮಾರಕ ಮಾಡಿದವಳಿಗೆ ಸಿಕ್ಕಿದ್ದು ಇಂಥ ಕಲ್ಲು.

(7/10)

ಗೆದ್ದಳು, ಕಟ್ಟಿದ್ರು, ಮುಗೀತು ಅಂದ್ಕೊಂಡ್ರಾ? ಇಲ್ಲ. ಅಸಲಿ ಜಗಳ ಈಗ ಶುರು.

ಪತ್ರಿಕೆಗಳಲ್ಲಿ ವಿನ್ಯಾಸ ಬಂದ ಕೂಡಲೇ ಒಂದಿಷ್ಟು ಜನ ಕೆಂಡವಾದ್ರು. ಬಾವುಟ ಎಲ್ಲಿ? ಸೈನಿಕನ ಪ್ರತಿಮೆ ಎಲ್ಲಿ? ಎಲ್ಲ ಸ್ಮಾರಕವೂ ಮೇಲಕ್ಕೆ ಎದ್ದು ನಿಂತಿರುವಾಗ ನಮ್ಮದನ್ನ ಮಾತ್ರ ಯಾಕೆ ನೆಲದೊಳಗೆ ಹೂಳ್ತೀರಿ? ಎಲ್ಲವೂ ಬಿಳಿ ಇರುವಾಗ ನಮ್ಮದು ಯಾಕೆ ಕಪ್ಪು? ಒಬ್ಬ ಮಾಜಿ ಸೈನಿಕ 1981ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ಸಭೆಯಲ್ಲೇ ಅದನ್ನ ಅವಮಾನದ ಕಪ್ಪು ಗಾಯ ಅನ್ನೋ ಅರ್ಥದಲ್ಲಿ ಬೈದ. ಆ ಮಾತು ದೇಶ ತುಂಬ ಹಬ್ಬಿತು.

ಇನ್ನೊಂದು ವಿಷ ಒಳಗೊಳಗೇ ಹರೀತಿತ್ತು. ಏಷ್ಯಾದಲ್ಲಿ ನಡೆದ ಯುದ್ಧದ ಸ್ಮಾರಕವನ್ನ ಏಷ್ಯಾ ಮೂಲದ ಹುಡುಗಿ ಮಾಡೋದಾ ಅನ್ನೋ ಮಾತು. ಒಹಾಯೊದಲ್ಲಿ ಹುಟ್ಟಿ ಬೆಳೆದವಳು! ತನ್ನ ಹೆಸರು ಗೊತ್ತಿಲ್ಲದೆ ನಂಬರ್ ನೋಡಿ ಆರಿಸಿದ್ರಿಂದಲೇ ತಾನು ಗೆದ್ದದ್ದು, ಹೆಸರು ಮೊದಲೇ ಗೊತ್ತಿದ್ದಿದ್ರೆ ಗೆಲ್ತಿದ್ದೆನಾ ಅನ್ನೋ ಪ್ರಶ್ನೆ ಅವಳಿಗೂ ಬಂದಿತ್ತು.

ಕಪ್ಪು ಬಣ್ಣದ ಜಗಳಕ್ಕೆ ಉತ್ತರ ಕೊಟ್ಟಿದ್ದು ಜಾರ್ಜ್ ಪ್ರೈಸ್ ಅನ್ನೋ ಕಪ್ಪು ವರ್ಣೀಯ ಸೇನಾಧಿಕಾರಿ. ಒಂದು ಬಿಸಿಬಿಸಿ ಸಭೆಯಲ್ಲಿ ಎದ್ದು ನಿಂತು, ಕಪ್ಪು ಅವಮಾನದ ಬಣ್ಣ ಅನ್ನೋದನ್ನ ಕೇಳಿ ಕೇಳಿ ಸಾಕಾಗಿದೆ ಅನ್ನೋ ಅರ್ಥದ ಮಾತಾಡಿದ್ರು. ಆಮೇಲೆ ಬಣ್ಣದ ಮಾತು ನಿಂತಿತು. ನಮಗೂ ತಟ್ಟಬೇಕಾದ ಉತ್ತರ ಇದು. ಮದುವೆ ಜಾಹೀರಾತಿನಿಂದ ಹಿಡಿದು ಮುಖದ ಕ್ರೀಮಿನವರೆಗೆ ಕಪ್ಪು ಅಂದ್ರೆ ಕೊರತೆ ಅಂತ ತಾನೇ ನಾವು ಬೆಳೆದಿರೋದು?

ಕೊನೆಗೆ ರಾಜಿ ಆಯ್ತು. ಗೋಡೆಯಿಂದ ಸ್ವಲ್ಪ ದೂರದಲ್ಲಿ ಬಾವುಟದ ಕಂಬ, ಮೂವರು ಸೈನಿಕರ ಕಂಚಿನ ಪ್ರತಿಮೆ ಸೇರಿಸಿದ್ರು. ಫ್ರೆಡರಿಕ್ ಹಾರ್ಟ್ ಮಾಡಿದ ಆ ಪ್ರತಿಮೆ 1984ರಲ್ಲಿ ಬಂತು. ಮಾಯಾಗೆ ಅದು ಇಷ್ಟ ಇರಲಿಲ್ಲ, ಮುಚ್ಚುಮರೆ ಇಲ್ಲದೆ ಹೇಳಿದಳು. ಆದ್ರೆ ಗೋಡೆಯ ಒಂದು ಗೆರೆಯನ್ನೂ ಬದಲಿಸೋಕೆ ಬಿಡಲಿಲ್ಲ. ಸೂಟು ಹಾಕಿದ ದೊಡ್ಡವರ ಸಭೆಗಳಲ್ಲಿ 22 ವರ್ಷದ ಹುಡುಗಿ ಒಬ್ಬಳೇ ಕೂತು "ಇಲ್ಲ" ಅನ್ನೋದಿದ್ಯಲ್ಲ, ನನಗೆ ಅದು ಕಲ್ಲು ಕೆತ್ತೋದಕ್ಕಿಂತ ಕಷ್ಟದ ಕೆಲಸ ಅನ್ಸುತ್ತೆ.

(8/10)

1982ರ ಮಾರ್ಚ್‌ನಲ್ಲಿ ನೆಲ ಅಗೆಯೋಕೆ ಶುರು ಮಾಡಿದ್ರು. ನವೆಂಬರ್ 13ಕ್ಕೆ ಗೋಡೆ ಲೋಕಾರ್ಪಣೆ. ಅದಕ್ಕೂ ಮುಂಚೆ ವಾಷಿಂಗ್ಟನ್ನಿನ ದೊಡ್ಡ ಚರ್ಚಿನಲ್ಲಿ ಆಗಿನ ಪಟ್ಟಿಯಲ್ಲಿದ್ದ 57,939 ಹೆಸರುಗಳನ್ನೂ ಸರದಿಯ ಮೇಲೆ ಜೋರಾಗಿ ಓದಿದ್ರು. ಮುಗಿಯೋಕೆ 56 ಗಂಟೆ ಬೇಕಾಯ್ತು.

ಆಮೇಲೆ ಯಾರೂ ಲೆಕ್ಕ ಹಾಕದೇ ಇದ್ದದ್ದು ನಡೀತು. ಜನ ಗೋಡೆಯನ್ನ ಮುಟ್ಟೋಕೆ ಶುರು ಮಾಡಿದ್ರು. ಹೆಸರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡ್ರು. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ತಿದ್ವಲ್ಲ, ಅದೇ. ಬುಡದಲ್ಲಿ ಸಾಮಾನು ಬಿಟ್ಟು ಹೋದ್ರು. ಬೂಟು, ಪದಕ, ಕಾಗದ, ಮಗುವಿನ ಬೊಂಬೆ, ಹುಟ್ಟುಹಬ್ಬದ ಕಾರ್ಡ್. ಯಾರೂ ಹೀಗೆ ಮಾಡಿ ಅಂತ ಹೇಳಿರಲಿಲ್ಲ. ಗದ್ದುಗೆಗೆ ಹರಕೆ ತಂದಿಟ್ಟಂತೆ ಇಟ್ಟರು. ಉದ್ಯಾನ ಇಲಾಖೆಯವರು ಅವನ್ನ ಕಸ ಅಂತ ಎಸೆಯದೆ ಎತ್ತಿಟ್ಟರು. ಇವತ್ತಿಗೆ ಅಂಥ ಲಕ್ಷಗಟ್ಟಲೆ ವಸ್ತುಗಳು ಸಂಗ್ರಹಾಲಯದ ಉಗ್ರಾಣದಲ್ಲಿ ಭದ್ರವಾಗಿವೆ.

ಬೈದಿದ್ದವರಲ್ಲೂ ಎಷ್ಟೋ ಜನ ಬಂದರು, ನಿಂತರು, ಅತ್ತರು. ಯುದ್ಧ ಬೇಕು ಅಂದವರು, ಬೇಡ ಅಂದವರು ಒಂದೇ ಗೋಡೆಯ ಮುಂದೆ. ಗೋಡೆ ಇಬ್ಬರಿಗೂ ಬುದ್ಧಿ ಹೇಳಲಿಲ್ಲ. ಹೆಸರು ತೋರಿಸಿತು, ಮುಖ ತೋರಿಸಿತು.

ನಾಲ್ಕನೇ ಭಾಗದಲ್ಲಿ ಕೇಳಿದ್ದ ಪ್ರಶ್ನೆಗೆ ಇದೇ ಉತ್ತರ ಇರಬೇಕು.

(9/10)

ಆದ್ರೆ ಇತಿಹಾಸದ ವಿದ್ಯಾರ್ಥಿಗಳು ನಾವು. ಮೆಚ್ಚಿ ಸುಮ್ಮನಾಗಬಾರದು. ಆ ಗೋಡೆ ಮೇಲೆ ಯಾರಿಲ್ಲ ಅಂತಲೂ ಕೇಳಬೇಕು.

ಯುದ್ಧದಿಂದ ಬಂದ ಮೇಲೆ ವಿಷದ ರಾಸಾಯನಿಕದ ಪರಿಣಾಮವಾಗಿ ಕಾಯಿಲೆಯಲ್ಲಿ ಸತ್ತವರು, ಮನಸ್ಸು ಮುರಿದು ಜೀವ ತಗೊಂಡವರು ಗೋಡೆಯಲ್ಲಿಲ್ಲ. ಅವರಿಗಾಗಿ 2004ರಲ್ಲಿ ಪಕ್ಕದಲ್ಲಿ ಒಂದು ಫಲಕ ಹಾಕಿದ್ರು, ಅದರಲ್ಲಿ ಹೆಸರುಗಳಿಲ್ಲ.

ಅದಕ್ಕಿಂತ ದೊಡ್ಡದು, ವಿಯೆಟ್ನಾಂನವರು ಒಬ್ಬರೂ ಇಲ್ಲ. ಅಲ್ಲಿನ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 20 ಲಕ್ಷ ಸಾಮಾನ್ಯ ಜನ, 11 ಲಕ್ಷ ಹೋರಾಟಗಾರರು ಸತ್ತರು. ಗೋಡೆಯ ಅಳತೆಯಲ್ಲೇ ಯೋಚಿಸಿ. 58 ಸಾವಿರ ಹೆಸರಿಗೆ 150 ಮೀಟರ್ ಬೇಕಾದ್ರೆ, 31 ಲಕ್ಷ ಹೆಸರಿಗೆ 8 ಕಿಲೋಮೀಟರ್ ಗೋಡೆ ಬೇಕು. ಮೆಜೆಸ್ಟಿಕ್‌ನಿಂದ ಜಯನಗರದ ಆಚೆವರೆಗೆ ಬರೀ ಹೆಸರು.

ಕ್ರಿಸ್ ಬರ್ಡನ್ ಅನ್ನೋ ಅಮೆರಿಕದ ಕಲಾವಿದ 1991ರಲ್ಲಿ ಇದೇ ಪ್ರಶ್ನೆ ಎತ್ತಿದ. ದೊಡ್ಡ ತಾಮ್ರದ ಹಾಳೆಗಳನ್ನ ಕಂಬಕ್ಕೆ ಪುಸ್ತಕದ ಪುಟದಂತೆ ಜೋಡಿಸಿ, 30 ಲಕ್ಷ ವಿಯೆಟ್ನಾಮಿ ಹೆಸರು ಕೊರೆಸಿದ. ಆದ್ರೆ ಸತ್ತವರ ನಿಜವಾದ ಪಟ್ಟಿ ಸಿಗೋದು ಎಲ್ಲಿಂದ? ಟೆಲಿಫೋನ್ ಡೈರೆಕ್ಟರಿಯ ಹೆಸರುಗಳನ್ನ ಕಂಪ್ಯೂಟರಿನಲ್ಲಿ ಕೂಡಿಸಿ ಕಳೆದು ಹೆಸರು ಹುಟ್ಟಿಸಬೇಕಾಯ್ತು. ಒಂದು ದೇಶದ ಸತ್ತವರಿಗೆ ಸತ್ತ ದಿನವೂ ಗೊತ್ತು, ಇನ್ನೊಂದು ದೇಶದ ಸತ್ತವರಿಗೆ ಹೆಸರೂ ಬಾಡಿಗೆಯದು.

ಇನ್ನು ನಮ್ಮ ಮಾವನ ಮಾತು. ಗೋಡೆ ಕಥೆ ಎಲ್ಲಾ ಕೇಳಿದ್ರು. ಆಮೇಲೆ ಅಂದ್ರು: "ಕಲ್ಲು ಎಲ್ಲಿಗೆ ಹೋಗುತ್ತೆ ಅಂತ ನಮಗ್ಯಾರು ಹೇಳ್ತಾರವ್ವ? ಕಂಟೇನರ್ ಬಂತು, ತುಂಬಿದ್ವಿ, ಹೋಯ್ತು. ಆ ಕಲ್ಲು ಎಬ್ಬಿಸಿದವರಿಗೂ ಗೊತ್ತಿರ್ಲಿಕ್ಕಿಲ್ಲ ಬಿಡು."

ಅಲ್ವಾ? ಬೆಟ್ಟದಿಂದ ಆ ಬ್ಲಾಕುಗಳನ್ನ ಬಿಡಿಸಿದ ಕೈಗಳಿದ್ದವು. 58 ಸಾವಿರ ಹೆಸರು ಹೊತ್ತ ಕಲ್ಲಿನ ಮೇಲೆ ಆ ಕೈಗಳವರ ಒಂದು ಹೆಸರೂ ಇಲ್ಲ.

(10/10)

ಮಾಯಾ ಲಿನ್ ಆಮೇಲೆ ಏನು ಮಾಡಿದ್ರು? ಇನ್ನು "ಅವರು" ಅನ್ನೋಣ, ಅರವತ್ತು ದಾಟಿದ ಹಿರಿಯರು.

1989ರಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ನಾಗರಿಕ ಹಕ್ಕುಗಳ ಸ್ಮಾರಕ ಮಾಡಿದ್ರು. ಕಪ್ಪು ಕಲ್ಲಿನ ದುಂಡು ಮೇಜು, ಅಂಚಿನ ಸುತ್ತ 1954ರಿಂದ 1968ರವರೆಗಿನ ಘಟನೆಗಳು, ಪ್ರಾಣ ಕೊಟ್ಟವರ ಹೆಸರುಗಳು. ಮೇಲೆ ತೆಳುವಾಗಿ ನೀರು ಹರೀತಿರುತ್ತೆ. ಶುರುವಿಗೂ ಕೊನೆಗೂ ನಡುವೆ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದಾರೆ, ಹೋರಾಟ ಮುಗಿದಿಲ್ಲ ಅಂತ. ಉದ್ಘಾಟನೆಯ ದಿನ, 1955ರಲ್ಲಿ 14ನೇ ವಯಸ್ಸಿಗೆ ಕೊಲೆಯಾದ ಎಮೆಟ್ ಟಿಲ್‌ನ ತಾಯಿ ಬಂದಿದ್ರು. ನೀರೊಳಗೆ ಕೈಯಿಟ್ಟು ಮಗನ ಹೆಸರು ಮುಟ್ಟಿ ಅತ್ತರು. ಕಣ್ಣೀರು ಆ ನೀರಿಗೇ ಸೇರಿತು.

1993ರಲ್ಲಿ ತಾವು ಓದಿದ ಯೇಲ್‌ನಲ್ಲಿ ಇನ್ನೊಂದು ಕಲ್ಲಿನ ಮೇಜು ಮಾಡಿದ್ರು. ಅದರ ಮೇಲೆ ಸುರುಳಿಯಾಗಿ ಅಂಕಿಗಳು: ಯಾವ ವರ್ಷ ಎಷ್ಟು ಹೆಣ್ಣುಮಕ್ಕಳು ಅಲ್ಲಿ ಓದಿದ್ರು ಅಂತ. 1701ರಿಂದ ಶುರು. ಸೊನ್ನೆ, ಸೊನ್ನೆ, ಸೊನ್ನೆ. ಸುರುಳಿಯ ನಡುಭಾಗ ಪೂರ್ತಿ ಸೊನ್ನೆ. ನಮ್ಮ ಕಾಲೇಜಿನಲ್ಲಿ ಇಂಥದ್ದೊಂದು ಮೇಜು ಮಾಡಿದ್ರೆ ಯಾವ ಜಾತಿಯವರಿಗೆ, ಯಾವ ಊರಿನವರಿಗೆ ಎಷ್ಟು ಸೊನ್ನೆ ಬರುತ್ತೆ? ನಾನು ಯೋಚಿಸ್ತಾನೇ ಇದೀನಿ.

2021ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ 49 ಸತ್ತ ದೇವದಾರು ಜಾತಿಯ ಮರಗಳನ್ನ ನಿಲ್ಲಿಸಿದ್ರು. ಸಮುದ್ರದ ಉಪ್ಪು ನೀರು ಕರಾವಳಿಯ ಕಾಡುಗಳನ್ನ ಕೊಲ್ತಿರೋದನ್ನ ನಗರದವರು ಮರೀಬಾರದು ಅಂತ. ಅಳಿದು ಹೋದ ಪ್ರಾಣಿ ಪಕ್ಷಿಗಳ ನೆನಪಿನ ಕೆಲಸವನ್ನೂ ಮಾಡ್ತಿದ್ದಾರೆ. ಅದೇ ತಮ್ಮ ಕೊನೇ ಸ್ಮಾರಕ ಅಂತಾರೆ.

ಕೊನೆಗೆ ಒಂದು ಕೆಲಸ ಕೊಡ್ತೀನಿ. ಬೆಂಗಳೂರಿನ ಬೇಗೂರಲ್ಲಿ ನಾಗೇಶ್ವರ ದೇವಸ್ಥಾನ ಇದೆ. ಅಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲಿದೆ. "ಬೆಂಗಳೂರು" ಅನ್ನೋ ಹೆಸರು ಸಿಗೋ ಅತ್ಯಂತ ಹಳೇ ಶಾಸನ ಅದು ಅಂತ ಎಲ್ಲರೂ ರೀಲ್ಸ್ ಮಾಡ್ತಾರೆ. ಆ ಹೆಸರು ಯಾಕೆ ಅಲ್ಲಿ ಬಂತು ಅನ್ನೋದನ್ನ ಕಡಿಮೆ ಜನ ಹೇಳ್ತಾರೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಸತ್ತ, ಅದಕ್ಕೆ ಆ ಕಲ್ಲು. ನಮ್ಮೂರ ಹೆಸರು ಮೊದಲು ಕಲ್ಲಿನ ಮೇಲೆ ಬಂದದ್ದೇ ಯುದ್ಧದಲ್ಲಿ ಸತ್ತ ಒಬ್ಬ ಮನುಷ್ಯನ ನೆನಪಿಗೆ. ಸಾವಿರದ ನೂರು ವರ್ಷ ಆದಮೇಲೆ ಇದೇ ನೆಲದ ಕಲ್ಲು ಸಮುದ್ರ ದಾಟಿ ಹೋಗಿ ಮತ್ತದೇ ಕೆಲಸ ಮಾಡ್ತಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಬೇಗೂರಿಗೆ ಹೋಗ್ತಿದೀನಿ. ಬರೋರು ಕಾಮೆಂಟ್‌ನಲ್ಲಿ ಹೇಳಿ. ದೂರದ ಊರವರು ನಿಮ್ಮೂರಿನ ಒಂದು ವೀರಗಲ್ಲೋ, ಮಾಸ್ತಿಕಲ್ಲೋ ಹುಡುಕಿ ಫೋಟೊ ಕಳಿಸಿ. ಬೇಲಿ ಮರೆಯಲ್ಲಿರುತ್ತೆ, ಬಟ್ಟೆ ಒಗೆಯೋ ಕಲ್ಲಾಗಿರುತ್ತೆ, ಕೇಳಿದ್ರೆ ಅಜ್ಜಂದಿರು ತೋರಿಸ್ತಾರೆ. ಹಾಗೇ ಆ ಅಜ್ಜನ ಹೆಸರನ್ನೂ ಕೇಳಿ ಬರ್ಕೊಳ್ಳಿ.

ಮಾವನೂ ಬರ್ತೀನಿ ಅಂದಿದ್ದಾರೆ. ಕಲ್ಲು ಯಾವುದು ಅಂತ ಮುಟ್ಟಿ ಹೇಳ್ತಾರಂತೆ.

#ಕಲ್ಲಿನಕಥೆ #ಮಾಯಾಲಿನ್ #ಬೇಗೂರು #ಇತಿಹಾಸವಿದ್ಯಾರ್ಥಿಗಳು